ನೋವಾ ಹೂತಾ: ನಕ್ಷೆಯಲ್ಲಿ ಖಾಲಿ ಉಳಿದ ಜಾಗಗಳ ಕಥೆ

ನೋವಾ ಹೂತಾದಲ್ಲಿ ಯಾರದ್ದಾದರೂ ಮನೆ ಹುಡುಕಿಕೊಂಡು ಹೋದರೆ ಹೊಸಬರಿಗೆ ತಲೆ ಕೆಡುತ್ತದೆ. ಊರಿನ ಹಳೆಯ ಭಾಗದ ವಿಳಾಸಗಳಲ್ಲಿ ರಸ್ತೆಯ ಹೆಸರೇ ಇರುವುದಿಲ್ಲ. ಬಡಾವಣೆಯ ಹೆಸರು, ಅದರ ಮುಂದೆ ಕಟ್ಟಡದ ನಂಬರು, ಅಷ್ಟೇ. ನಂಬರುಗಳಾದರೂ ರಸ್ತೆಯ ಸಾಲಿನಲ್ಲಿ ಬರುತ್ತವೆಯೇ ಅಂದರೆ ಅದೂ ಇಲ್ಲ, ಬಡಾವಣೆಯೊಳಗೆ ಸುತ್ತು ಹೊಡೆಯುತ್ತವೆ. ದೊಡ್ಡ ರಸ್ತೆಯಲ್ಲಿ ನಿಂತು ಹುಡುಕಿದರೆ ಸಿಗುವುದಿಲ್ಲ. ಕಮಾನಿನೊಳಗೆ ನುಗ್ಗಿ, ಅಂಗಳ ದಾಟಿ, ಮಕ್ಕಳ ಉಯ್ಯಾಲೆ ಪಕ್ಕದಲ್ಲಿ ನಡೆದು, ಇನ್ನೊಂದು ಕಮಾನು ದಾಟಿದರೆ ಆ ನಂಬರು ಸಿಕ್ಕೀತು.

ಇದನ್ನೇ ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಈ ಊರು ಹೇಗೆ ಯೋಚಿಸಿದ ಊರು ಅನ್ನುವುದು ಈ ವಿಳಾಸದಲ್ಲೇ ಗೊತ್ತಾಗುತ್ತದೆ. ಇಲ್ಲಿ ರಸ್ತೆಗಿಂತ ಬಡಾವಣೆ ಮುಖ್ಯ. ಪೋಲಿಷ್ ಭಾಷೆಯಲ್ಲಿ ಬಡಾವಣೆಗೆ 'ಓಶೆದ್ಲೆ' ಅನ್ನುತ್ತಾರೆ. 'ನೋವಾ ಹೂತಾ' ಅಂದರೆ ಹೊಸ ಉಕ್ಕಿನ ಕಾರ್ಖಾನೆ. ಊರಿನ ಹೆಸರೇ ಕಾರ್ಖಾನೆ! ಇವತ್ತು ಇದು ಪೋಲೆಂಡಿನ ಕ್ರಾಕೋವ್ ನಗರದ ಪೂರ್ವ ಭಾಗ. ಹಳೆ ಕ್ರಾಕೋವ್‌ನ ಮಾರುಕಟ್ಟೆ ಚೌಕದಿಂದ ಟ್ರಾಮ್ ಹತ್ತಿದರೆ ಅರ್ಧ ಗಂಟೆಯ ದಾರಿ. 1949ಕ್ಕೆ ಮುಂಚೆ ಇಲ್ಲಿದ್ದದ್ದು ಹೊಲ, ಹಳ್ಳಿಗಳು, ಒಂದು ಹಳೆಯ ಮಠ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಪೋಲೆಂಡಿನಲ್ಲಿ ಹೊಸದಾಗಿ ಕಟ್ಟಿದ ಊರುಗಳ ಬಗ್ಗೆ ಬರೆಯುವಾಗ ಎಲ್ಲರೂ ಇದನ್ನೇ ಎತ್ತಿಕೊಳ್ಳುತ್ತಾರೆ. ನಾನೂ ಅದನ್ನೇ ಮಾಡ್ತಿದ್ದೇನೆ. ಆದರೆ ನನಗೆ ಕುತೂಹಲ ಇರುವುದು ಇಲ್ಲಿ ಕಟ್ಟಿದ್ದರ ಬಗ್ಗೆ ಮಾತ್ರ ಅಲ್ಲ. ನಕ್ಷೆಯಲ್ಲಿ ಬರೆದು ಕೊನೆಗೆ ಕಟ್ಟದೇ ಹೋದದ್ದು, ನಕ್ಷೆಯಲ್ಲಿ ಬರೆಯದೇ ಬಿಟ್ಟಿದ್ದನ್ನು ಜನ ಹಟ ಹಿಡಿದು ಕಟ್ಟಿಕೊಂಡದ್ದು, ಇವೆರಡೂ ಸೇರಿದರೆ ಈ ಊರಿನ ನಿಜವಾದ ಆಕಾರ ಕಾಣುತ್ತದೆ.

ಎರೆಮಣ್ಣಿನ ಮೇಲೆ ಕಾರ್ಖಾನೆ

ಯುದ್ಧದಲ್ಲಿ ಹಾಳಾದ ಯುರೋಪನ್ನು ಮತ್ತೆ ಕಟ್ಟಲು ಅಮೆರಿಕ ಕೊಡಲು ಹೊರಟಿದ್ದ ಮಾರ್ಷಲ್ ನೆರವನ್ನು 1947ರಲ್ಲಿ ಪೋಲೆಂಡ್ ಬೇಡ ಅಂದಿತು. ಸ್ವಂತ ಇಷ್ಟದಿಂದ ಅನ್ನುವ ಹಾಗಿಲ್ಲ, ಮಾಸ್ಕೋ ಒಪ್ಪಲಿಲ್ಲ. ಮುಂದಿನ ವರ್ಷ ಸೋವಿಯತ್ ಒಕ್ಕೂಟದ ಜೊತೆ ಸಾಲ ಮತ್ತು ಯಂತ್ರಗಳ ಒಪ್ಪಂದ ಆಯಿತು. ದೊಡ್ಡ ಉಕ್ಕಿನ ಕಾರ್ಖಾನೆಯೊಂದು ಬರುವುದು ಗಟ್ಟಿಯಾಯಿತು, ಎಲ್ಲಿ ಅನ್ನುವುದು ಮಾತ್ರ ಉಳಿದಿತ್ತು. ಮೊದಲು ಯೋಚಿಸಿದ್ದು ಕಲ್ಲಿದ್ದಲ ನಾಡಾದ ಸಿಲೇಷಿಯಾದ ಕಡೆ. ಕೊನೆಗೆ 1949ರ ಆರಂಭದಲ್ಲಿ ಕ್ರಾಕೋವ್ ಪಕ್ಕದ ಮೊಗಿವಾ, ಪ್ಲೆಶುಫ್ ಹಳ್ಳಿಗಳ ಜಮೀನು ಆಯ್ಕೆಯಾಯಿತು.

ಇಲ್ಲೇ ಯಾಕೆ? ಕ್ರಾಕೋವ್‌ನವರನ್ನು ಕೇಳಿದರೆ ಒಂದೇ ಉತ್ತರ: ನಮಗೆ ಶಿಕ್ಷೆ ಕೊಡೋಕೆ. 1946ರ ಜನಮತಗಣನೆಯಲ್ಲಿ ಕಮ್ಯುನಿಸ್ಟರು ಕೇಳಿದ್ದಕ್ಕೆ ಕ್ರಾಕೋವ್‌ನ ಜನ ಜೋರಾಗಿ 'ಬೇಡ' ಅಂದಿದ್ದರು. ಹಳೆಯ ವಿಶ್ವವಿದ್ಯಾಲಯ, ಚರ್ಚು, ಪ್ರೊಫೆಸರುಗಳು, ಹಳೆ ಮನೆತನಗಳು ತುಂಬಿದ ಊರು ಅದು. ಅದರ ಪಕ್ಕದಲ್ಲಿ ಲಕ್ಷ ಕಾರ್ಮಿಕರನ್ನು ತಂದು ಕೂರಿಸಿದರೆ ಊರಿನ ಬುದ್ಧಿ ತನ್ನಷ್ಟಕ್ಕೆ ಬದಲಾಗುತ್ತದೆ ಅನ್ನುವ ಲೆಕ್ಕ. ಈ ಲೆಕ್ಕ ಯಾರ ತಲೆಯಲ್ಲೂ ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಬೇರೆ ಕಾರಣಗಳೂ ಗಟ್ಟಿಯಾಗೇ ಇದ್ದವು. ವಿಸ್ತುಲಾ ನದಿಯ ನೀರು ಇತ್ತು. ಪಶ್ಚಿಮದಿಂದ ಸಿಲೇಷಿಯಾದ ಕಲ್ಲಿದ್ದಲು, ಪೂರ್ವದಿಂದ ಉಕ್ರೇನಿನ ಅದಿರು, ಎರಡೂ ರೈಲಿನಲ್ಲಿ ಬಂದು ಸೇರಲು ಇದು ಅನುಕೂಲದ ಜಾಗ. ಗಣಿ ಮತ್ತು ಲೋಹಶಾಸ್ತ್ರ ಕಲಿಸುವ ಅಕಾಡೆಮಿ ಕ್ರಾಕೋವ್‌ನಲ್ಲೇ ಇತ್ತು. ಸುತ್ತಲಿನ ಹಳ್ಳಿಗಳಲ್ಲಿ ತುಂಡು ಜಮೀನು ನಂಬಿ ಬದುಕುವ, ಕೆಲಸಕ್ಕೆ ಕಾಯುವ ಹುಡುಗರು ಬೇಕಾದಷ್ಟಿದ್ದರು.

ತಪ್ಪಾದದ್ದು ಮಣ್ಣಿನ ವಿಷಯದಲ್ಲಿ. ಕ್ರಾಕೋವ್ ಸುತ್ತ ಸಿಗುವ ಅತ್ಯುತ್ತಮ ಎರೆಮಣ್ಣು ಇಲ್ಲಿತ್ತು. ತಲೆತಲಾಂತರದಿಂದ ಅದನ್ನು ಉತ್ತವರಿಗೆ ಸಿಕ್ಕ ಪರಿಹಾರ ತೀರಾ ಕಡಿಮೆ. ಬೆಳೆ ನಿಂತಿದ್ದ ಹೊಲಕ್ಕೇ ಸರ್ವೆಯವರು ಗೂಟ ಹೊಡೆದರು. ಇವತ್ತಿಗೂ ಕಾರ್ಖಾನೆಯ ಹತ್ತಿರ 'ವಾಂದಾ ದಿಬ್ಬ' ಅನ್ನುವ ಮಣ್ಣಿನ ಗುಡ್ಡೆ ನಿಂತಿದೆ. ಪರದೇಶದ ರಾಜನನ್ನು ಮದುವೆಯಾಗಲು ಒಪ್ಪದೆ ವಿಸ್ತುಲಾಕ್ಕೆ ಹಾರಿದ ರಾಜಕುಮಾರಿಯ ಸಮಾಧಿ ಅದು ಅಂತ ಐತಿಹ್ಯ. ಅದರ ಬೆನ್ನಿಗೆ ಹೊಗೆಗೊಳವೆಗಳು. ಮೊದಲ ಬಡಾವಣೆಗೆ ಅವಳ ಹೆಸರನ್ನೇ ಇಟ್ಟರು. 1949ರ ಜೂನ್ 23ರಂದು ಅಲ್ಲಿಯ ಮೊದಲ ವಸತಿ ಕಟ್ಟಡದ ಕೆಲಸ ಶುರುವಾಯಿತು. ಆ ಕಟ್ಟಡದ ವಿಳಾಸ ಈಗ ವಾಂದಿ ಬಡಾವಣೆ, 14.

ತಮಾಷೆ ಏನೆಂದರೆ, ಆಗಿನ್ನೂ ಊರಿನ ಪೂರ್ತಿ ನಕ್ಷೆಯೇ ಆಗಿರಲಿಲ್ಲ. ಮನೆ ಕಟ್ಟುವ ಕೆಲಸ ಮೊದಲು, ಊರಿನ ಯೋಜನೆ ಆಮೇಲೆ! ಅದಕ್ಕೇ ಮೊದಲ ಬಡಾವಣೆಗಳು ಉಳಿದ ಊರಿಗಿಂತ ಬೇರೆ ಥರ ಕಾಣುತ್ತವೆ. ಎರಡು ಮೂರು ಅಂತಸ್ತು, ಇಳಿಜಾರು ಮಾಡು, ಸುತ್ತ ಹಸಿರು. ದೊಡ್ಡ ಸಮಾಜವಾದಿ ನಗರದ ಗತ್ತು ಇಲ್ಲಿ ಇಲ್ಲವೇ ಇಲ್ಲ. ಯಾವುದೋ ಸಣ್ಣ ಊರಿನ ತಣ್ಣನೆಯ ಕೇರಿಯ ಹಾಗಿದೆ.

ಬೀಸಣಿಗೆಯಂಥ ಊರು

ನಗರ ಯೋಜನೆಯ ಹೊಣೆ ಹೊತ್ತವರು ತದೇಉಷ್ ಪ್ತಾಶಿತ್ಸ್ಕಿ. ಅವರ ತಂಡದಲ್ಲಿ ಸ್ತಾನಿಸ್ವಾಫ್ ಯುಖ್ನೋವಿಚ್, ಗಂಡ ಹೆಂಡತಿ ಯಾನುಷ್ ಮತ್ತು ಮಾರ್ತಾ ಇಂಗಾರ್ಡೆನ್ ಇದ್ದರು. ಬಹುತೇಕರು ಎಳೆಯ ವಯಸ್ಸಿನವರು. ಒಂದು ಲಕ್ಷ ಜನಕ್ಕೆ ಊರು ಮಾಡಿ ಅಂತ ಅವರಿಗೆ ಹೇಳಲಾಗಿತ್ತು.

ಅವರು ಬರೆದ ನಕ್ಷೆ ನೋಡಲು ಬೀಸಣಿಗೆಯ ಹಾಗಿದೆ. ಕೆಳಗೆ ಹಿಡಿಯ ಜಾಗದಲ್ಲಿ ಕೇಂದ್ರ ಚೌಕ. ಅಲ್ಲಿಂದ ಐದು ಅಗಲವಾದ ರಸ್ತೆಗಳು ಹೊರಡುತ್ತವೆ. ಒಂದು ಹಳೆ ಕ್ರಾಕೋವ್ ಕಡೆಗೆ, ಒಂದು ನೇರ ಕಾರ್ಖಾನೆಯ ಮುಖ್ಯ ದ್ವಾರಕ್ಕೆ, ನಡುವಿನದು ಗುಲಾಬಿ ಗಿಡಗಳ 'ಅಲೆಯಾ ರೂಶ್', ಅಂದರೆ ಗುಲಾಬಿ ಬೀದಿ. ಈ ವಿನ್ಯಾಸ ಮಾಸ್ಕೋದಿಂದ ಬಂದದ್ದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಿಜವಾಗಿ ಇದು ಬಾರೋಕ್ ಕಾಲದ ಯುರೋಪಿನ ಅರಮನೆ ಊರುಗಳ ಹಳೆಯ ಪಾಠ, ಅರಮನೆಯ ಜಾಗಕ್ಕೆ ಕಾರ್ಖಾನೆ ಬಂದಿದೆ ಅಷ್ಟೇ.

ಇನ್ನೂ ಸ್ವಾರಸ್ಯದ್ದು ರಸ್ತೆಗಳ ನಡುವಿನ ಭಾಗ. ಅಲ್ಲಿ ತುಂಬಿದ್ದು ಬಡಾವಣೆಗಳು. ಒಂದೊಂದರಲ್ಲೂ ಸುಮಾರು ಐದಾರು ಸಾವಿರ ಜನ. ಒಂದೊಂದಕ್ಕೂ ತನ್ನದೇ ಶಾಲೆ, ಶಿಶುವಿಹಾರ, ಅಂಗಡಿ. ಮಕ್ಕಳು ದೊಡ್ಡ ರಸ್ತೆ ದಾಟದೆ ಶಾಲೆಗೆ ಹೋಗಬೇಕು, ಹಾಲು ಬ್ರೆಡ್ಡಿಗೆ ಟ್ರಾಮ್ ಹತ್ತುವ ಹಾಗಿರಬಾರದು. ಈ ಯೋಚನೆಯ ಬೇರು 1920ರ ದಶಕದ ನ್ಯೂಯಾರ್ಕ್‌ನಲ್ಲಿದೆ. ಕ್ಲಾರೆನ್ಸ್ ಪೆರಿ ಅನ್ನುವ ಅಮೆರಿಕದವರು ನೆರೆಹೊರೆ ಘಟಕ ಅಂತ ಇದನ್ನು ಬರೆದಿದ್ದರು. ಅದಕ್ಕೂ ಹಿಂದೆ ಎಬೆನೇಜರ್ ಹೊವಾರ್ಡ್ ಎಂಬ ಇಂಗ್ಲೆಂಡಿನವರ ಉದ್ಯಾನ ನಗರದ ಕನಸು. ಸ್ಟಾಲಿನ್ ಕಾಲದಲ್ಲಿ ಅಮೆರಿಕ, ಇಂಗ್ಲೆಂಡ್ ಅಂತ ಬಾಯಿ ಬಿಡುವ ಹಾಗಿರಲಿಲ್ಲ. ಹೆಸರು ಹೇಳದೆ ಕೆಲಸ ಮಾಡಿಕೊಂಡರು.

ಈಗ ಒಂದು ಬಡಾವಣೆಯ ಒಳಗೆ ಹೋಗೋಣ. ಹೊರಗಿನ ರಸ್ತೆಯ ಕಡೆಗೆ ಕಟ್ಟಡಗಳು ಗೋಡೆಯ ಹಾಗೆ ಒತ್ತಾಗಿ ನಿಂತಿವೆ, ಕಲ್ಲಿನ ಅಂಚು, ಉದ್ದ ಕಿಟಕಿ, ಮುಖ ಗಂಭೀರ. ನಡುವೆ ಒಂದು ಕಮಾನು. ಕಮಾನಿನ ಒಳಗೆ ಕಾಲಿಟ್ಟ ಕೂಡಲೇ ರಸ್ತೆಯ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ಎದುರಿಗೆ ದೊಡ್ಡ ಅಂಗಳ. ಎಪ್ಪತ್ತು ವರ್ಷ ಬೆಳೆದ ಮರಗಳು ನಾಲ್ಕನೇ ಅಂತಸ್ತಿನ ತನಕ ಮುಟ್ಟಿವೆ. ಬೆಂಚಿನ ಮೇಲೆ ಅಜ್ಜಿಯರು, ಅವರ ಪಕ್ಕದಲ್ಲಿ ಸಾಮಾನಿನ ಗಾಲಿ ಚೀಲ. ನಮ್ಮ ಹಳೆಯ ವಠಾರಗಳನ್ನು ಕಂಡವರಿಗೆ ಇದರ ಸುಖ ಬಿಡಿಸಿ ಹೇಳಬೇಕಿಲ್ಲ. ವಠಾರಕ್ಕಿಂತ ಇದು ಎಷ್ಟೋ ದೊಡ್ಡದು, ಆದರೆ ಒಳಗೆ ಬಂದವನು ಯಾರ ಕಡೆಯವನು ಅಂತ ಕಿಟಕಿಯಿಂದಲೇ ಅಳೆಯುವ ಕಣ್ಣುಗಳು ಇಲ್ಲೂ ಇರುತ್ತವೆ.

ಇದೇ ಕಮಾನುಗಳಿಗೆ ಇನ್ನೊಂದು ಲೆಕ್ಕವೂ ಇತ್ತು. ಕೊರಿಯಾ ಯುದ್ಧದ ಕಾಲ ಅದು, ಮೂರನೇ ಮಹಾಯುದ್ಧ ನಾಳೆಯೇ ಬರಬಹುದು ಅನ್ನುವ ಭಯ. ಕಟ್ಟಡಗಳ ಕೆಳಗೆ ಇನ್ನೂರಕ್ಕೂ ಹೆಚ್ಚು ಅಡಗುದಾಣಗಳನ್ನು ಮಾಡಿದರು. ಬಡಾವಣೆಯ ಬಾಗಿಲುಗಳನ್ನು ಮುಚ್ಚಿಕೊಂಡು ಕೋಟೆಯ ಹಾಗೆ ಕಾಪಾಡಿಕೊಳ್ಳಬಹುದು ಅಂತಲೂ ಹೇಳುತ್ತಿದ್ದರು. ಅಮೆರಿಕದ ಸೈನ್ಯ ಅಲ್ಲಿಗೆ ಬರಲೇ ಇಲ್ಲ. ಆ ಕಮಾನುಗಳು ಯಾರಿಗೆ ಉಪಯೋಗಕ್ಕೆ ಬಂದವು ಅನ್ನುವುದು ಮುಂದೆ ಬರುತ್ತದೆ.

ಹೊರಮುಖದ ಅಲಂಕಾರ ಮೇಲಿನ ಆದೇಶ. 1949ರಲ್ಲಿ ಪೋಲೆಂಡಿನ ವಾಸ್ತುಶಿಲ್ಪಿಗಳಿಗೆ ಸಮಾಜವಾದಿ ವಾಸ್ತವತೆಯೇ ದಾರಿ ಅಂತ ಗೊತ್ತುಮಾಡಲಾಯಿತು. 'ರೂಪದಲ್ಲಿ ರಾಷ್ಟ್ರೀಯ, ತಿರುಳಿನಲ್ಲಿ ಸಮಾಜವಾದಿ' ಅನ್ನುವುದು ಘೋಷಣೆ. ರಾಷ್ಟ್ರೀಯ ರೂಪ ಅಂದರೆ ಏನು? ಕ್ರಾಕೋವ್‌ನಲ್ಲಿ ಅದಕ್ಕೆ ಉತ್ತರ ಸುಲಭ: ಪುನರುಜ್ಜೀವನ ಕಾಲದ, ಅಂದರೆ ರಿನೇಸಾನ್ಸ್ ಶೈಲಿ. ಅದಕ್ಕೇ ಕೇಂದ್ರ ಚೌಕದ ಕಟ್ಟಡಗಳಿಗೆ ಕೆಳಗೆ ಕಮಾನು ಸಾಲು, ಮೇಲೆ ಕಟಕಟೆಯ ಅಂಚು. ಕಾರ್ಖಾನೆಯ ದ್ವಾರದ ಎರಡು ಬದಿ ನಿಂತ ಆಡಳಿತ ಕಟ್ಟಡಗಳಿಗಂತೂ ಹಳೆ ಕ್ರಾಕೋವ್‌ನ ಬಟ್ಟೆ ಮಾರುಕಟ್ಟೆ ಕಟ್ಟಡದ ತಲೆಯನ್ನೇ ಕಿತ್ತು ತಂದು ಕೂರಿಸಿದ ಹಾಗಿದೆ. ಜನ ಅವಕ್ಕೆ ವೆನಿಸ್‌ನ ಹಳೆಯ ಆಳುವವರ ಅರಮನೆಯ ನೆನಪಲ್ಲಿ 'ದೋಜ್ ಅರಮನೆ', ಪೋಪರ ನೆಲೆಯ ನೆನಪಲ್ಲಿ 'ವ್ಯಾಟಿಕನ್' ಅಂತ ಅಡ್ಡಹೆಸರಿಟ್ಟರು. ಕಾರ್ಮಿಕರ ರಾಜ್ಯದ ಕಚೇರಿಗೆ ವ್ಯಾಟಿಕನ್ ಅನ್ನಬೇಕಾದರೆ ಆ ಜನಕ್ಕೆ ಎಂಥಾ ನಾಲಿಗೆ ಇರಬೇಕು, ಅಲ್ವಾ?

ಕೆಸರು, ಗಂಬೂಟು, ಇಟ್ಟಿಗೆ

ಕಟ್ಟುವವರ ಬದುಕು ನಕ್ಷೆಯಷ್ಟು ಚೆಂದ ಇರಲಿಲ್ಲ. 'ಸ್ವುಷ್ಬಾ ಪೋಲ್ಸ್‌ತ್ಸೆ' ಅನ್ನುವ ಯುವ ದಳಗಳಲ್ಲಿ ಹಳ್ಳಿ ಹುಡುಗರು ಬಂದರು. ಮೊದಲು ಡೇರೆ, ಆಮೇಲೆ ಶೆಡ್ಡು. ಅಂಥ ಒಂದು ಶೆಡ್ಡುಗಳ ಕೇರಿಗೆ 'ಮೆಕ್ಸಿಕೋ' ಅಂತ ಹೆಸರು ಬಿತ್ತು. ಕುಡಿತ, ಜಗಳ, ಪೊಲೀಸರೂ ಹೋಗಲು ಹಿಂಜರಿಯುವ ಜಾಗ. ಎಲ್ಲಿ ನೋಡಿದರೂ ಕೆಸರು. ಆ ಕಾಲದವರ ನೆನಪುಗಳಲ್ಲಿ ಗಂಬೂಟು ಬರದೇ ಇರುವುದೇ ಇಲ್ಲ. ಒಳ್ಳೆಯ ಎರೆಮಣ್ಣು ಮಳೆ ಬಂದರೆ ಏನಾಗುತ್ತದೆ ಅಂತ ನಮ್ಮ ಉತ್ತರ ಕರ್ನಾಟಕದವರಿಗೆ ಗೊತ್ತೇ ಇದೆ.

ಕೆಲಸದಲ್ಲಿ ಪೈಪೋಟಿ. ಪ್ಯೋತ್ರ್ ಓಜಾನ್ಸ್ಕಿ ಅನ್ನುವ ಗಾರೆ ಕೆಲಸದವರು 1950ರಲ್ಲಿ ತಮ್ಮ ತಂಡದ ಜೊತೆ ಒಂದೇ ಪಾಳಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಇಟ್ಟಿಗೆ ಇಟ್ಟರು. ಪತ್ರಿಕೆಗಳು ಹೊಗಳಿದವು, ಜೊತೆಯವರಿಗೆ ಉರಿಯಿತು. ಒಬ್ಬ ದಾಖಲೆ ಮಾಡಿದರೆ ಎಲ್ಲರ ದಿನದ ಕೆಲಸದ ಲೆಕ್ಕ ಏರುತ್ತದೆ, ಕೂಲಿ ಮಾತ್ರ ಅಷ್ಟು ಏರುವುದಿಲ್ಲ.

ಹೀಗಿದ್ದರೂ ಬೆಳೆದದ್ದು ಬೇಗ. 1951ರಲ್ಲಿ ಊರನ್ನು ಕ್ರಾಕೋವ್‌ಗೆ ಸೇರಿಸಿದರು. 1952ರಲ್ಲಿ ಟ್ರಾಮ್ ಬಂತು. 1954ರ ಜುಲೈಯಲ್ಲಿ ಅದಿರು ಕರಗಿಸುವ ಮೊದಲ ಊದುಕುಲುಮೆ ಹೊತ್ತಿತು, ಕಾರ್ಖಾನೆಗೆ ಲೆನಿನ್ ಹೆಸರು ಬಂತು. 1955ರಲ್ಲಿ ಜನರ ರಂಗಮಂದಿರ ತೆರೆಯಿತು. ಹಳ್ಳಿಯಲ್ಲಿ ಬಾವಿಯಿಂದ ನೀರು ಸೇದಿ ಬೆಳೆದವರಿಗೆ ನಲ್ಲಿ, ಬಚ್ಚಲುಮನೆ, ಚಳಿಗಾಲದಲ್ಲಿ ಬಿಸಿಯಾಗುವ ಗೋಡೆ ಕೊಳವೆ ಸಿಕ್ಕಿತು. ಇದನ್ನು ಸಣ್ಣದು ಅನ್ನಬೇಡಿ. ಹಳೆ ಕ್ರಾಕೋವ್‌ನವರು ಮಾತ್ರ ಮೂಗು ಮುರಿದರು. ಅಲ್ಲಿಯವರು ಬಾತ್‌ಟಬ್ಬಿನಲ್ಲಿ ಮೊಲ ಸಾಕ್ತಾರಂತೆ, ಕಲ್ಲಿದ್ದಲು ಇಡ್ತಾರಂತೆ ಅಂತ ಚಾಡಿ. ಈ ತಾತ್ಸಾರ ದಶಕಗಳ ಕಾಲ ಉಳಿಯಿತು.

ಕಟ್ಟದೆ ಉಳಿದದ್ದು

ಈಗ ಖಾಲಿ ಜಾಗಗಳಿಗೆ ಬರೋಣ.

ನಕ್ಷೆಯಲ್ಲಿ ಒಂದು ಪುರಭವನ ಇತ್ತು. ಪುನರುಜ್ಜೀವನ ಕಾಲದ ಹಳೆಯ ಪೋಲಿಷ್ ಊರುಗಳಲ್ಲಿರುವಂಥದ್ದು, ಎತ್ತರದ ಗೋಪುರದ ಜೊತೆ. ಕೇಂದ್ರ ಚೌಕದ ದಕ್ಷಿಣ ಬದಿಗೆ, 1955ರಲ್ಲಿ ತೆರೆದದ್ದಲ್ಲದೆ ಬೇರೆಯೇ ಒಂದು ದೊಡ್ಡ ರಂಗಮಂದಿರ, ಚೌಕದ ನಡುವೆ ಕಲ್ಲಿನ ಸ್ತಂಭ. ಇವು ಮೂರೂ ಬರಲೇ ಇಲ್ಲ. 1951ರಲ್ಲಿ ನೋವಾ ಹೂತಾ ಕ್ರಾಕೋವ್‌ನ ಭಾಗವಾದ ಮೇಲೆ ಬೇರೆ ಪುರಭವನ ಯಾಕೆ ಬೇಕು ಅನ್ನುವ ಪ್ರಶ್ನೆ ಹೇಗೂ ಇತ್ತು. ಸ್ಟಾಲಿನ್ 1953ರಲ್ಲಿ ಸತ್ತ, 1956ರಲ್ಲಿ ಪೋಲೆಂಡಿನ ರಾಜಕೀಯದ ಮಂಜು ಕರಗಿತು, ಅಲಂಕಾರಕ್ಕೆ ಸುರಿಯುವ ದುಡ್ಡೂ ಮನಸ್ಸೂ ಎರಡೂ ಮುಗಿದವು. ಪುರಭವನದ ಜಾಗ ಈಗ ಒಂದು ಉದ್ಯಾನ. ಹೆಸರು ಮಾತ್ರ ಇವತ್ತಿಗೂ 'ಪುರಭವನ ಉದ್ಯಾನ'. ಭವನ ಇಲ್ಲದ ಪುರಭವನ ಉದ್ಯಾನ.

ಚೌಕದ ದಕ್ಷಿಣ ಬದಿ ಹಾಗೇ ತೆರೆದುಕೊಂಡಿತು. ಕೇಂದ್ರ ಚೌಕದಲ್ಲಿ ನಿಂತು ಆ ಕಡೆ ನೋಡಿದರೆ ಮೂರು ದಿಕ್ಕಿಗೂ ಇರುವ ಕಟ್ಟಡಗಳ ಗತ್ತು ಒಮ್ಮೆಲೇ ನಿಂತು ಹೋಗುತ್ತದೆ. ಇಳಿಜಾರು, ಅದರ ಕೆಳಗೆ ವಿಸ್ತುಲಾ ಬಯಲಿನ ಜೌಗು ಹುಲ್ಲುಗಾವಲು. ನನ್ನ ಪ್ರಕಾರ ಈ ಊರಿನ ಅತ್ಯಂತ ಸೊಗಸಾದ ನೋಟ ಯಾರೂ ವಿನ್ಯಾಸ ಮಾಡದ ಈ ನೋಟವೇ.

1956ರ ನಂತರ ಕಟ್ಟಿದ್ದು ಬೇರೆಯೇ. ಮಾರ್ತಾ ಮತ್ತು ಯಾನುಷ್ ಇಂಗಾರ್ಡೆನ್, ಅಂದರೆ ಕೆಲವೇ ವರ್ಷಗಳ ಹಿಂದೆ ಕಮಾನು, ಕಟಕಟೆ ಬರೆದ ಅದೇ ಕೈಗಳು, 1950ರ ದಶಕದ ಕೊನೆಗೆ 'ಸ್ವೀಡಿಷ್ ಬ್ಲಾಕ್' ಕಟ್ಟಿದವು. ಉದ್ದಕ್ಕೆ ಮಲಗಿದ ನೇರ ಪೆಟ್ಟಿಗೆಯಂಥ ಕಟ್ಟಡ, ಅಲಂಕಾರ ಸೊನ್ನೆ. ಎರಡನ್ನೂ ಒಂದೇ ದಿನ ನಡೆದು ನೋಡಿದರೆ ಒಂದು ದೇಶದ ಸರ್ಕಾರದ ಮನಸ್ಸು ಹೇಗೆ ಹೊರಳಿತು ಅಂತ ಗೋಡೆಯಲ್ಲೇ ಓದಬಹುದು.

ಆಮೇಲೆ ಬಂದದ್ದು ಪ್ಯಾನಲ್ ಮನೆಗಳ ಕಾಲ. ಫ್ಯಾಕ್ಟರಿಯಲ್ಲಿ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಕ್ರೇನ್‌ನಲ್ಲಿ ಎತ್ತಿ ಜೋಡಿಸುವುದು. ಬ್ಯೆಂಚಿತ್ಸೆ 1960ರ ದಶಕದಲ್ಲಿ ಬೆಳೆಯಿತು, ಅದರ ಆಚೆ ಮಿಸ್ತ್‌ಶೆಯೋವಿತ್ಸೆ ಬಂತು. ಐದು ಅಂತಸ್ತಿನ ಕಟ್ಟಡಗಳು ಇಲ್ಲಿ ಯಾಕಿಷ್ಟು ಜಾಸ್ತಿ ಗೊತ್ತಾ? ಅಷ್ಟು ಎತ್ತರದ ತನಕ ಲಿಫ್ಟ್ ಹಾಕಬೇಕಾಗಿರಲಿಲ್ಲ. ಆಗ ಓಡಿಕೊಂಡು ಹತ್ತಿದ ಹುಡುಗರಿಗೆ ಈಗ ಎಂಬತ್ತು ವರ್ಷ. ಲಿಫ್ಟ್ ಉಳಿಸಿದ ಖರ್ಚನ್ನು ಈಗ ಅವರ ಮಂಡಿ ತೀರಿಸುತ್ತಿದೆ.

ಬರೆಯದೆ ಬಿಟ್ಟದ್ದು

ಊರೆಂದ ಮೇಲೆ ಒಂದು ಗುಡಿ ಇರುತ್ತದೆ. ಪೋಲೆಂಡಿನ ಹಳ್ಳಿಯಿಂದ ಬಂದ ಕ್ಯಾಥೊಲಿಕ್ ಮನುಷ್ಯನಿಗೆ ಚರ್ಚು ಹಾಗೆ. ಆದರೆ ಇದು ದೇವರಿಲ್ಲದ ಊರು ಆಗಬೇಕಿತ್ತು. ಹತ್ತಿರದ ಮೊಗಿವಾದಲ್ಲಿ 13ನೇ ಶತಮಾನದ, ಸಿಸ್ಟರ್ಸಿಯನ್ ಅನ್ನುವ ಕ್ಯಾಥೊಲಿಕ್ ಸನ್ಯಾಸಿಗಳ ಮಠ ಇತ್ತು, ಸರಿ. ಸಾವಿರಗಟ್ಟಲೆ ಜನ ತುಂಬಿದ ಹೊಸ ಬಡಾವಣೆಗಳ ನಡುವೆ ಮಾತ್ರ ಚರ್ಚಿಗೆ ಜಾಗ ಇರಲಿಲ್ಲ.

1956ರ ಸಡಿಲಿಕೆಯಲ್ಲಿ ಅನುಮತಿ ಸಿಕ್ಕಿತು. 1957ರಲ್ಲಿ ಜನರ ರಂಗಮಂದಿರದ ಹತ್ತಿರದ ಜಾಗದಲ್ಲಿ ಜನ ಮರದ ಶಿಲುಬೆ ನೆಟ್ಟರು. ಆಮೇಲೆ ಸರ್ಕಾರ ಮನಸ್ಸು ಬದಲಿಸಿ ಅನುಮತಿ ವಾಪಸ್ ತೆಗೆದುಕೊಂಡಿತು, ಅಲ್ಲಿ ಶಾಲೆ ಕಟ್ಟುತ್ತೇವೆ ಅಂದಿತು. 1960ರ ಏಪ್ರಿಲ್ 27ರ ಬೆಳಿಗ್ಗೆ ಶಿಲುಬೆ ಕೀಳಲು ಕೆಲಸದವರು ಬಂದರು. ಮೊದಲು ಅಡ್ಡ ನಿಂತದ್ದು ಹೆಂಗಸರು. ಪಾಳಿ ಮುಗಿಸಿ ಬಂದ ಕಾರ್ಮಿಕರು ಸೇರಿಕೊಂಡರು. ಸಂಜೆಯ ಹೊತ್ತಿಗೆ ಕಲ್ಲು ತೂರಾಟ, ಅಶ್ರುವಾಯು, ಗುಂಡು, ನೂರಾರು ಬಂಧನ. ಶಾಲೆ ಎದ್ದಿತು, ಆದರೆ ಶಿಲುಬೆಯೂ ಉಳಿಯಿತು. ಇವತ್ತು ಆ ಜಾಗದಲ್ಲಿ ಎರಡೂ ಅಕ್ಕಪಕ್ಕ ಇವೆ, ಚರ್ಚೂ ಬಂದಿದೆ.

ಇಲ್ಲೊಂದು ಮಾತು ಹೇಳಲೇಬೇಕು. ಈ ಹೆಂಗಸರು ಒಬ್ಬರಿಗೊಬ್ಬರು ಪರಿಚಯವಾದದ್ದು ಎಲ್ಲಿ? ಅದೇ ಅಂಗಳದಲ್ಲಿ, ಅದೇ ಶಿಶುವಿಹಾರದ ಬಾಗಿಲಲ್ಲಿ, ಅಂಗಡಿಯ ಕ್ಯೂನಲ್ಲಿ. ಸುದ್ದಿ ಹಬ್ಬಲು ಫೋನು ಬೇಕಾಗಿರಲಿಲ್ಲ, ಅಂಗಳಕ್ಕೆ ಕೂಗಿದರೆ ಸಾಕಿತ್ತು. ಕಾರ್ಮಿಕರು ಒಟ್ಟಾಗಲಿ ಅಂತಲೇ ಆ ಅಂಗಳ ಮಾಡಿದ್ದು. ಒಟ್ಟಾದರು.

ಕ್ರಾಕೋವ್‌ನ ಯುವ ಬಿಷಪ್ ಕರೋಲ್ ವೊಯ್ತಿವಾ 1959ರಿಂದ ಇಲ್ಲಿ ಕ್ರಿಸ್‌ಮಸ್ ನಡುರಾತ್ರಿಯ ಪೂಜೆಯನ್ನು ಬಯಲಿನಲ್ಲೇ ನಡೆಸತೊಡಗಿದರು. ಡಿಸೆಂಬರ್‌ನ ಹಿಮದಲ್ಲಿ, ತಲೆ ಮೇಲೆ ಚಾವಣಿ ಇಲ್ಲದೆ. ಅವರೇ ಮುಂದೆ ಪೋಪ್ ಎರಡನೇ ಜಾನ್ ಪಾಲ್ ಆದರು. ಹತ್ತಿರ ಹತ್ತಿರ ಹತ್ತು ವರ್ಷ ಕಾದಾಡಿದ ಮೇಲೆ 1967ರಲ್ಲಿ ಬ್ಯೆಂಚಿತ್ಸೆಯಲ್ಲಿ ಚರ್ಚಿಗೆ ಅನುಮತಿ ಸಿಕ್ಕಿತು. ಅನುಮತಿ ಏನೋ ಸಿಕ್ಕಿತು, ಸಿಮೆಂಟು ಕಬ್ಬಿಣ ಯಾರು ಕೊಡಬೇಕು? ಜನ ತಾವೇ ಕೈ ಹಾಕಿದರು, ಹೊರದೇಶದ ಸ್ವಯಂಸೇವಕರೂ ಬಂದರು. ಹತ್ತು ವರ್ಷ ಹಿಡಿಯಿತು. 1977ರ ಮೇ 15ರಂದು ಅದರ ಪ್ರತಿಷ್ಠೆ ಆಯಿತು.

ಹೆಸರು 'ಆರ್ಕಾ ಪಾನಾ', ಪ್ರಭುವಿನ ನಾವೆ. ವಾಸ್ತುಶಿಲ್ಪಿ ವೊಯ್ಚೆಖ್ ಪ್ಯೆತ್ಶಿಕ್. ಕಟ್ಟಡ ದಡಕ್ಕೆ ಬಂದು ನಿಂತ ದೋಣಿಯ ಹಾಗಿದೆ, ನಡುವೆ ಕೂವೆಮರದಂತೆ ಎತ್ತರದ ಶಿಲುಬೆ. ಹತ್ತಿರ ಹೋಗಿ ಗೋಡೆ ಮುಟ್ಟಿದರೆ ಕೈಗೆ ಸಿಗುವುದು ಹೊಳೆಯ ಉರುಟು ಕಲ್ಲು. ಬೆಟ್ಟದ ಹೊಳೆಗಳಿಂದ ಆರಿಸಿ ತಂದ ಸುಮಾರು ಇಪ್ಪತ್ತು ಲಕ್ಷ ಬೆಣಚುಕಲ್ಲುಗಳನ್ನು ಹೊರಗೋಡೆಗೆ ಒಂದೊಂದಾಗಿ ಕೂರಿಸಿದ್ದಾರೆ. ಸುತ್ತ ಯಂತ್ರದಲ್ಲಿ ಎರಕ ಹೊಯ್ದ, ಒಂದರ ಹಾಗೇ ಇನ್ನೊಂದು ಇರುವ ಪ್ಯಾನಲ್ ಮನೆಗಳು. ಅವುಗಳ ನಡುವೆ ಒಂದು ಕಲ್ಲಿನ ಹಾಗೆ ಇನ್ನೊಂದಿಲ್ಲದ ಗೋಡೆ. ಆ ಗೋಡೆಗೆ ಬೇರೆ ಘೋಷಣೆ ಬೇಕಾಗಿರಲಿಲ್ಲ.

ಕಮಾನುಗಳು ಯಾರಿಗೆ ಬಂದವು

1970ರ ದಶಕದ ಕೊನೆಗೆ ಕಾರ್ಖಾನೆಯಲ್ಲಿ ನಲವತ್ತು ಸಾವಿರದ ಹತ್ತಿರ ಜನ ದುಡಿಯುತ್ತಿದ್ದರು. ಮಾದರಿ ಕಾರ್ಮಿಕರ ಮಾದರಿ ಊರು. 1973ರಲ್ಲಿ ಗುಲಾಬಿ ಬೀದಿಯಲ್ಲಿ ಲೆನಿನ್ನನ ದೊಡ್ಡ ಪ್ರತಿಮೆ ನಿಲ್ಲಿಸಿದರು. ಅದರ ಕಾಲ ಬಳಿ ಯಾರೋ ಒಂದು ಹಳೇ ಸೈಕಲ್ಲು, ಹಳೇ ಬೂಟು ಇಟ್ಟು, 'ತಗೊಂಡು ಇಲ್ಲಿಂದ ಹೊರಡು' ಅಂತ ಚೀಟಿ ಬರೆದಿದ್ದರಂತೆ. ಊರಿನವರು ಇವತ್ತಿಗೂ ಹೇಳಿ ನಗುವ ಕಥೆ ಇದು, ನಿಜವೋ ಕಟ್ಟಿದ್ದೋ. ದಾಖಲೆಯಲ್ಲಿರುವುದು 1979ರ ಏಪ್ರಿಲ್‌ನ ಬಾಂಬು. ಅದು ಸಿಡಿದು ಲೆನಿನ್ನನ ಹಿಮ್ಮಡಿ ಹಾರಿಹೋಯಿತು.

ಅದೇ ವರ್ಷ ಜೂನ್‌ನಲ್ಲಿ ಪೋಪ್ ಆಗಿ ಬಂದ ವೊಯ್ತಿವಾ ಅವರನ್ನು ಹೊಸ ಊರಿನ ಒಳಗೆ ಬಿಡಲಿಲ್ಲ. ಮೊಗಿವಾದ ಹಳೆಯ ಮಠದ ತನಕ ಬಂದರು. ಜನ ಅಲ್ಲಿಗೇ ಹೋದರು.

ಮುಂದಿನ ವರ್ಷ ಸರ್ಕಾರದ ಹಿಡಿತಕ್ಕೆ ಸಿಗದ ಸಾಲಿಡಾರಿಟಿ ಕಾರ್ಮಿಕ ಸಂಘಟನೆ ಹುಟ್ಟಿದಾಗ ಲೆನಿನ್ ಹೆಸರಿನ ಕಾರ್ಖಾನೆಯ ಬಹುಪಾಲು ಕಾರ್ಮಿಕರು ಅದಕ್ಕೆ ಸೇರಿದರು. 1981ರ ಡಿಸೆಂಬರ್‌ನಲ್ಲಿ ಸೇನಾ ಆಡಳಿತ ಬಂತು, ಕಾರ್ಖಾನೆಯೊಳಗಿನ ಮುಷ್ಕರವನ್ನು ಪಡೆ ನುಗ್ಗಿಸಿ ಮುರಿದರು. ಆಮೇಲಿನ ವರ್ಷಗಳಲ್ಲಿ ಮೆರವಣಿಗೆಗಳು ಹೊರಡುತ್ತಿದ್ದದ್ದು ಆರ್ಕಾ ಪಾನಾ ಚರ್ಚಿನಿಂದ. 1982ರ ಅಕ್ಟೋಬರ್ 13ರಂದು ಅದೇ ಚರ್ಚಿನ ಹತ್ತಿರ ಇಪ್ಪತ್ತು ವರ್ಷದ ಬೊಗ್ದಾನ್ ವ್ವೋಶಿಕ್‌ ಅವರನ್ನು ಗುಪ್ತ ಪೊಲೀಸ್ ಅಧಿಕಾರಿಯೊಬ್ಬ ಗುಂಡು ಹಾರಿಸಿ ಕೊಂದ.

ಆ ದಿನಗಳಲ್ಲಿ ಅಗಲ ರಸ್ತೆಗಳು ಪೊಲೀಸ್ ಲಾರಿಗಳಿಗೆ, ನೀರು ಚಿಮ್ಮುವ ಗಾಡಿಗಳಿಗೆ ಹೇಳಿ ಮಾಡಿಸಿದ ಹಾಗಿದ್ದವು. ಆದರೆ ಓಡುವವನಿಗೆ ಕಮಾನು ಇತ್ತು. ಒಳಗೆ ಹೊಕ್ಕರೆ ಅಂಗಳ, ಅಂಗಳದಿಂದ ಇನ್ನೊಂದು ಕಮಾನು, ಯಾವುದೋ ಮೆಟ್ಟಿಲ ಬಾಗಿಲು. ಇಲ್ಲೇ ಬೆಳೆದ ಹುಡುಗನಿಗೆ ಆ ಸಂದುಗೊಂದು ಕಣ್ಣು ಮುಚ್ಚಿದರೂ ಗೊತ್ತು, ಬೇರೆ ಊರಿಂದ ಕರೆಸಿದ ಪೊಲೀಸನಿಗೆ ನಂಬರಿನ ಲೆಕ್ಕವೇ ತಿಳಿಯದು. ಶತ್ರುವನ್ನು ತಡೆಯಲು ಮಾಡಿದ ವಿನ್ಯಾಸ ಸರಿಯಾಗೇ ಕೆಲಸ ಮಾಡಿತು. ಶತ್ರು ಯಾರು ಅನ್ನುವುದು ಮಾತ್ರ ಬದಲಾಗಿತ್ತು.

1988ರ ವಸಂತದಲ್ಲಿ ಇನ್ನೊಂದು ದೊಡ್ಡ ಮುಷ್ಕರ, ಅದನ್ನೂ ಬಲದಿಂದ ಮುರಿದರು. ಮರುವರ್ಷವೇ ಆಡಳಿತ ಕುಸಿಯಿತು. 1989ರ ಡಿಸೆಂಬರ್‌ನಲ್ಲಿ ಕ್ರೇನ್ ತಂದು ಲೆನಿನ್ನನನ್ನು ಎತ್ತಿದರು. ಪ್ರತಿಮೆ ಕೊನೆಗೆ ಸ್ವೀಡನ್ನಿನ ಒಂದು ಮನರಂಜನಾ ಪಾರ್ಕಿಗೆ ಮಾರಾಟವಾಯಿತು. ರಸ್ತೆಗಳ ಹೆಸರುಗಳನ್ನು ಬದಲಿಸಿದರು: ಲೆನಿನ್ ಬೀದಿ ಸಾಲಿಡಾರಿಟಿ ಬೀದಿಯಾಯಿತು, ಅಕ್ಟೋಬರ್ ಕ್ರಾಂತಿ ಬೀದಿಗೆ ಎರಡನೇ ಮಹಾಯುದ್ಧದ ಪೋಲಿಷ್ ಸೇನಾನಿ ಜನರಲ್ ಆಂಡೆರ್ಸ್ ಹೆಸರು ಬಂತು. 2004ರಲ್ಲಿ ಕೇಂದ್ರ ಚೌಕಕ್ಕೆ, ಅಮೆರಿಕದ ಅಧ್ಯಕ್ಷರಾಗಿದ್ದ, ಕಮ್ಯುನಿಸ್ಟರ ಕಡು ವಿರೋಧಿ ರೊನಾಲ್ಡ್ ರೇಗನ್ ಹೆಸರು ಸೇರಿತು. ಸ್ಟಾಲಿನ್ ಕಾಲದ ಚೌಕಕ್ಕೆ ರೇಗನ್! ಸುಮ್ನೆ ತಮಾಷೆಗೆ ಇಟ್ಟ ಹೆಸರು ಅನಿಸುತ್ತದೆ, ಆದರೆ ಅವರು ಪೂರ್ತಿ ಗಂಭೀರವಾಗೇ ಇಟ್ಟರು.

ಕಾರಣ ಹೋಯಿತು, ಊರು ಉಳಿಯಿತು

1990ರಲ್ಲಿ ಕಾರ್ಖಾನೆಗೆ ಪೋಲಿಷ್ ಎಂಜಿನಿಯರ್ ತದೇಉಷ್ ಸೆಂಜಿಮಿರ್ ಹೆಸರಿಟ್ಟರು. ಕೆಲಸಗಾರರ ಸಂಖ್ಯೆ ಕರಗುತ್ತಾ ಬಂತು. 2004ರ ಹೊತ್ತಿಗೆ ಅದು ಲಕ್ಷ್ಮಿ ಮಿತ್ತಲ್ ಅವರ ಕಂಪನಿಯ ಕೈಗೆ ಹೋಯಿತು. ಬಳ್ಳಾರಿಯ ಕುಡಿತಿನಿಯಲ್ಲಿ ಜಮೀನು ಪಡೆದು, ಬರುತ್ತದೆ ಬರುತ್ತದೆ ಅಂದು ಬಾರದೇ ಹೋದ ಉಕ್ಕಿನ ಕಾರ್ಖಾನೆ ನೆನಪಿದೆಯಲ್ಲ, ಅದೇ ಆರ್ಸೆಲರ್ ಮಿತ್ತಲ್. ನೋವಾ ಹೂತಾದಲ್ಲಿ 2019ರ ಕೊನೆಗೆ ಊದುಕುಲುಮೆ ನಿಂತಿತು, 2020ರಲ್ಲಿ ಅದನ್ನು ಶಾಶ್ವತವಾಗಿ ಮುಚ್ಚುವುದಾಗಿ ತಿಳಿಸಿದರು. ಕಾರ್ಖಾನೆಯ ಬೇರೆ ಕೆಲವು ವಿಭಾಗಗಳು ನಡೆಯುತ್ತಿದ್ದರೂ ಊರಿಗೆ ಹೆಸರು ಕೊಟ್ಟ ಬೆಂಕಿ ಆರಿತು.

ಇಂಥ ಒಂದೇ ಕಾರ್ಖಾನೆ ನಂಬಿದ ಊರುಗಳು ಕಾರ್ಖಾನೆ ಮುಚ್ಚಿದರೆ ಬಿಕೋ ಅನ್ನುತ್ತವೆ. ಇದು ಹಾಗಾಗಲಿಲ್ಲ. ಕ್ರಾಕೋವ್‌ಗೆ ಅಂಟಿಕೊಂಡಿದೆ, ಟ್ರಾಮ್ ಇದೆ, ಅಲ್ಲಿ ಕೆಲಸ ಇದೆ ಅನ್ನುವುದು ದೊಡ್ಡ ಕಾರಣ. 1951ರಲ್ಲಿ ಸ್ವಂತ ಪುರಭವನ ಕಳೆದುಕೊಂಡದ್ದೇ ಊರನ್ನು ಉಳಿಸಿತು ಅಂದರೂ ತಪ್ಪಿಲ್ಲ. ಇನ್ನೊಂದು ಕಾರಣ ಬಡಾವಣೆಗಳೇ. ಶಾಲೆ ನಡೆದು ಹೋಗುವಷ್ಟು ದೂರ, ಬಾಗಿಲಲ್ಲಿ ಮರ, ಇಟ್ಟಿಗೆಯ ದಪ್ಪ ಗೋಡೆ. 1990ರ ನಂತರ ಕ್ರಾಕೋವ್ ಅಂಚಿನಲ್ಲಿ ಬಿಲ್ಡರುಗಳು ಕಟ್ಟಿದ ಎಷ್ಟೋ ಹೊಸ ಬಡಾವಣೆಗಳಲ್ಲಿ ಇದು ಯಾವುದೂ ಇಲ್ಲ. ಕಿಟಕಿ ತೆಗೆದರೆ ಎದುರು ಮನೆಯ ಕಿಟಕಿ.

ಹಾಗಂತ 1950ರ ದಶಕವನ್ನು ಹೊಗಳಿ ಕೂರಲು ನನಗೆ ಮನಸ್ಸಿಲ್ಲ. ಜಮೀನು ಕಿತ್ತುಕೊಂಡದ್ದು, ಶೆಡ್ಡಿನ ಬದುಕು, ಹೊಗೆ ಕುಡಿದ ಎದೆಗಳು, ಇವೂ ಅದೇ ಲೆಕ್ಕದ ಪುಸ್ತಕದಲ್ಲಿವೆ. ಆದರೆ ಒಳ್ಳೆಯ ನಕ್ಷೆ ಅದನ್ನು ಬರೆಸಿದ ಸರ್ಕಾರಕ್ಕಿಂತ ಜಾಸ್ತಿ ಕಾಲ ಬಾಳಬಹುದು ಅನ್ನುವುದನ್ನು ಒಪ್ಪದೆ ವಿಧಿಯಿಲ್ಲ. 2004ರ ಕೊನೆಗೆ ಹಳೆಯ ಭಾಗದ ನಗರ ವಿನ್ಯಾಸವನ್ನು ಸ್ಮಾರಕಗಳ ಪಟ್ಟಿಗೆ ಸೇರಿಸಿದರು. 2023ರಲ್ಲಿ ದೇಶದ ಚರಿತ್ರೆಯ ಸ್ಮಾರಕ ಅನ್ನುವ ಗೌರವವೂ ಬಂತು. ಮೂಗು ಮುರಿಯುತ್ತಿದ್ದ ಕ್ರಾಕೋವ್‌ನವರ ಮೊಮ್ಮಕ್ಕಳು ಈಗ ಇಲ್ಲಿ ಅಡಗುದಾಣ ತೋರಿಸುವ ಪ್ರವಾಸಕ್ಕೆ ಟಿಕೆಟ್ ತೆಗೆಯುತ್ತಾರೆ. 'ಸ್ವ್ಯಾತೊವಿದ್' ಅನ್ನುವ ಹಳೆಯ ಸಿನಿಮಾ ಮಂದಿರ ಈಗ ಊರಿನ ಮ್ಯೂಸಿಯಂ.

ಕೇಂದ್ರ ಚೌಕದ ದಕ್ಷಿಣ ಬದಿಗೆ 1980ರ ದಶಕದಲ್ಲಿ ಒಂದು ಸಾಂಸ್ಕೃತಿಕ ಕೇಂದ್ರ ಬಂತು. ಆದರೂ ಬದಿ ಮುಚ್ಚಿಹೋಗಲಿಲ್ಲ. ಅದರ ಪಕ್ಕದಲ್ಲಿ ಇಳಿದರೆ ಹುಲ್ಲುಗಾವಲು, ಸುಮಾರು 57 ಹೆಕ್ಟೇರ್. ಈಗ ಅದಕ್ಕೆ ಕಾನೂನಿನ ರಕ್ಷಣೆ ಇದೆ. ಅಲ್ಲಿ ಅಪರೂಪದ ನೀಲಿ ಚಿಟ್ಟೆಗಳು ಬದುಕುತ್ತಿವೆ, ಜೌಗಿನಲ್ಲಿ ಮರದ ಹಲಗೆಯ ಕಾಲುದಾರಿ ಹಾಕಿದ್ದಾರೆ. ಬೇಸಿಗೆಯ ಸಂಜೆ ಬಡಾವಣೆಯ ಜನ ನಾಯಿ ಹಿಡಿದುಕೊಂಡು ಕಮಾನು ದಾಟಿ, ರೇಗನ್ ಚೌಕ ದಾಟಿ, ರಂಗಮಂದಿರ ಬರಬೇಕಿದ್ದ ಜಾಗದ ಮೂಲಕ ಕೆಳಗಿಳಿಯುತ್ತಾರೆ.